ಬ್ಯಾಂಡಿನ ಮೊದಲ ಸಿಂಗಲ್: ಮಾಸ್ಟರಿಂಗ್‌ಗೆ ಮುಂಚೆ ಮುಗಿಯಬೇಕಾದ ಕೆಲಸಗಳು

ಪ್ರಶ್ನೆ: ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ಎರಡು ಗಿಟಾರ್, ಬೇಸ್, ಡ್ರಮ್ಸ್. ಗಿಟಾರ್ ನುಡಿಸುವವರಲ್ಲೇ ಒಬ್ಬರು ಹಾಡುತ್ತಾರೆ. ಸ್ವಂತ ಹಾಡುಗಳು ಏಳೆಂಟು ಇವೆ. ಒಂದನ್ನು ಸಿಂಗಲ್ ಆಗಿ ಹೊರತರಬೇಕು ಅಂತ ಪ್ರಾಕ್ಟೀಸ್ ರೂಮಿನಲ್ಲೇ ರೆಕಾರ್ಡ್ ಮಾಡಿದೆವು. ಡ್ರಮ್ಸ್ ತೆಳ್ಳಗೆ ಕೇಳಿಸುತ್ತಿದೆ. ಕೋರಸ್, ಅಂದರೆ ಪಲ್ಲವಿ, ಬಂದ ಕೂಡಲೇ ದನಿ ಗಿಟಾರ್‌ಗಳ ಹಿಂದೆ ಮುಳುಗುತ್ತದೆ. ಒಳ್ಳೆಯ ಕಡೆ ಮಾಸ್ಟರಿಂಗ್ ಮಾಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? ಮುಂದಿನ ತಿಂಗಳೇ ಬಿಡುಗಡೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇವೆ.

ಉತ್ತರ: ಇಲ್ಲ, ಮಾಸ್ಟರಿಂಗ್‌ನಿಂದ ಇದು ಸರಿಹೋಗುವುದಿಲ್ಲ. ಮಾಸ್ಟರಿಂಗ್ ಅಂದರೆ ಬಿಡುಗಡೆಗೆ ಮುಂಚೆ ಹಾಡಿಗೆ ಕೊಡುವ ಕೊನೆಯ ಹದ. ಅದನ್ನು ಮಾಡುವ ಎಂಜಿನಿಯರ್ ಕೈಗೆ ಸಿಗುವುದು ಎಡ ಬಲ ಎರಡೇ ಚಾನೆಲ್ ಇರುವ ಒಂದು ಫೈಲ್. ಅದರಲ್ಲಿ ದನಿಯೂ ಗಿಟಾರೂ ಆಗಲೇ ಬೆರೆತುಹೋಗಿರುತ್ತವೆ. ದನಿಯನ್ನು ಎತ್ತಲು ಹೋದರೆ ಗಿಟಾರ್ ಕೂಡ ಜೊತೆಗೆ ಏಳುತ್ತದೆ. ಸ್ನೇರ್ ಡ್ರಮ್ಮಿಗೆ ಹೊಳಪು ಕೊಡಲು ಹೋದರೆ ಲೋಹದ ಸಿಂಬಲ್ ಕಿವಿಗೆ ಚುಚ್ಚುತ್ತದೆ.

ಇಷ್ಟು ವರ್ಷ ಬ್ಯಾಂಡ್‌ಗಳ ಜೊತೆ ಕೆಲಸ ಮಾಡಿ ನನಗೆ ಖಚಿತವಾಗಿರುವ ಮಾತು ಒಂದಿದೆ. ಒಂದು ಹಂತದ ತಪ್ಪು ಮುಂದಿನ ಹಂತದಲ್ಲಿ ಸರಿಹೋಗುವುದು ತೀರಾ ಅಪರೂಪ. ಹಾಡಿನ ಕಟ್ಟಣೆಯ ತೊಂದರೆಯನ್ನು ರೆಕಾರ್ಡಿಂಗ್ ಬಗೆಹರಿಸುವುದಿಲ್ಲ. ರೆಕಾರ್ಡಿಂಗ್ ತೊಂದರೆಯನ್ನು ಮಿಕ್ಸ್, ಅಂದರೆ ಬಿಡಿ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವ ಕೆಲಸ, ಸ್ವಲ್ಪ ಮುಚ್ಚಬಹುದು, ಅಷ್ಟೇ. ಹಾಗಾಗಿ ನಿಮ್ಮ ಸಮಯ ಮತ್ತು ದುಡ್ಡಿನ ಹೆಚ್ಚಿನ ಪಾಲು ಮೊದಲ ಹಂತಗಳಿಗೆ ಹೋಗಲಿ. ಬಿಡುಗಡೆಯ ದಿನವನ್ನು ಈಗಲೇ ಮುಂದಕ್ಕೆ ಹಾಕಿ. ನಿಮಗಾಗಿ ಕಾಯುತ್ತಿರುವವರು ಇನ್ನೆರಡು ತಿಂಗಳು ಖಂಡಿತ ಕಾಯುತ್ತಾರೆ.

ಯಾವ ಹಾಡು ಎನ್ನುವುದರಿಂದ ಶುರು ಮಾಡೋಣ. ಬ್ಯಾಂಡಿನವರಿಗೆ ಸಾಮಾನ್ಯವಾಗಿ ತಾವು ಈಚೆಗೆ ಬರೆದ ಹಾಡೇ ಇಷ್ಟ. ಅದನ್ನು ಪಕ್ಕಕ್ಕಿಡಿ. ನೀವು ನುಡಿಸಿದಾಗ ಕೇಳುಗರು ಎರಡನೇ ಕೋರಸ್ಸಿಗೇ ಜೊತೆಗೂಡಿ ಹಾಡಿದ್ದು ಯಾವುದು? ಕಾರ್ಯಕ್ರಮ ಮುಗಿದ ಮೇಲೆ 'ಆ ಹಾಡು ಯಾವುದು' ಅಂತ ಯಾರಾದರೂ ಕೇಳಿದ್ದು ಯಾವುದನ್ನು? ಸಿಂಗಲ್ ಅಂದರೆ ನಿಮ್ಮನ್ನು ಗೊತ್ತೇ ಇಲ್ಲದವರು ಮೊದಲು ಕೇಳುವ ಹಾಡು. ನಿಮ್ಮ ಅತ್ಯಂತ ಕಷ್ಟದ ರಚನೆ ಅದಾಗಬೇಕಿಲ್ಲ. ನಿಮ್ಮ ಬ್ಯಾಂಡ್ ಹೇಗೆ ಅನ್ನುವುದನ್ನು ಒಂದೇ ಕೇಳುವಿಕೆಯಲ್ಲಿ ಹೇಳುವ ಹಾಡಾಗಬೇಕು.

ಉದ್ದದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರು ನಿಮಿಷದ ಲೆಕ್ಕ ಬಂದದ್ದು ಗ್ರಾಮೊಫೋನ್ ತಟ್ಟೆಯ ಅಳತೆಯಿಂದ. ನಿಮಿಷಕ್ಕೆ 78 ಸುತ್ತಿನ ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ 45 ಸುತ್ತಿನ ಏಳಿಂಚಿನ ತಟ್ಟೆ ತಂದಿತು. ಜೂಕ್‌ಬಾಕ್ಸ್ ಮತ್ತು ರೇಡಿಯೊ ಆ ಅಳತೆಯನ್ನೇ ಗಟ್ಟಿ ಮಾಡಿದವು. ಆದರೆ ಕ್ವೀನ್ ಬ್ಯಾಂಡಿನ 'ಬೊಹೀಮಿಯನ್ ರಾಪ್ಸಡಿ' 1975ರಲ್ಲಿ ಸಿಂಗಲ್ ಆಗಿ ಬಂದಾಗ ಅದರ ಉದ್ದ 5 ನಿಮಿಷ 55 ಸೆಕೆಂಡ್. ಇಷ್ಟು ಉದ್ದದ್ದನ್ನು ರೇಡಿಯೊದವರು ಹಾಕುವುದಿಲ್ಲ ಎನ್ನುವ ಅಂಜಿಕೆ ಆಗ ಇತ್ತು. ಅದು ಬ್ರಿಟನ್‌ನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಉಳಿಯಿತು. ಹಾಗಾಗಿ ಗಡಿಯಾರ ನೋಡಿ ಹಾಡು ಕತ್ತರಿಸಬೇಡಿ. ದನಿ ಬರುವ ಮುಂಚಿನ ಮುನ್ನುಡಿಯನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ನೋಡಿ. ಸ್ಪಾಟಿಫೈ ಒಂದು ಕೇಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು 30 ಸೆಕೆಂಡ್ ದಾಟಿದ ಮೇಲೆ. ವೇದಿಕೆಯ ಮೇಲೆ ಚೆನ್ನಾಗಿದ್ದ 40 ಸೆಕೆಂಡಿನ ಗಿಟಾರ್ ಮುನ್ನುಡಿ, ಇಯರ್‌ಫೋನ್ ಹಾಕಿಕೊಂಡ ಅಪರಿಚಿತರಿಗೆ ಜಾಸ್ತಿ ಆಗಬಹುದು.

ಈಗ ನಿಮ್ಮ ಮುಳುಗುವ ದನಿಗೆ ಬರುತ್ತೇನೆ. ಹಾಡು ಕೇಳದೆಯೇ ಊಹಿಸಬಲ್ಲೆ. ಕೋರಸ್‌ನಲ್ಲಿ ನಿಮ್ಮ ಎರಡೂ ಗಿಟಾರ್‌ಗಳು ಒಂದೇ ಕಾರ್ಡನ್ನು (ಸ್ವರಗಳ ಗುಂಪು), ಒಂದೇ ಜಾಗದಲ್ಲಿ, ಪೂರ್ತಿ ಡಿಸ್ಟಾರ್ಷನ್‌ನಲ್ಲಿ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಬಾರಿಸುತ್ತಿವೆ, ಅಲ್ವಾ? ಮಾತು ಸ್ಪಷ್ಟವಾಗಿ ಕೇಳಿಸಲು ಬೇಕಾದ ಸದ್ದು ಹೆಚ್ಚಾಗಿ 1ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಡಿಸ್ಟಾರ್ಷನ್ ಗಿಟಾರ್ ತುಂಬಿಕೊಳ್ಳುವುದೂ ಅದೇ ಜಾಗವನ್ನು. ಮಿಕ್ಸ್‌ನಲ್ಲಿ ದನಿಯ ವಾಲ್ಯೂಮ್ ಏರಿಸಿದರೆ ದನಿ ಹಾಡಿನಿಂದ ಬೇರೆಯಾಗಿ ಮೇಲೆ ತೇಲುತ್ತದೆ, ಬ್ಯಾಂಡ್ ಸಣ್ಣದಾಗುತ್ತದೆ. ಆದ್ದರಿಂದ ಇದನ್ನು ಪ್ರಾಕ್ಟೀಸ್ ರೂಮಿನಲ್ಲೇ ಬಗೆಹರಿಸಬೇಕು. ಒಂದು ಗಿಟಾರ್ ಕೆಳಗಿನ ಪವರ್ ಕಾರ್ಡ್ ಹಿಡಿಯಲಿ. ಇನ್ನೊಂದು ಗಿಟಾರ್ ಮೇಲಿನ ಸ್ವರಗಳಲ್ಲಿ ಎರಡೇ ತಂತಿಯ ಸಣ್ಣ ತುಣುಕು ನುಡಿಸಲಿ, ಇಲ್ಲವೇ ಹಾಡಿನ ಸಾಲು ನಿಂತ ಕಡೆ ಮಾತ್ರ ಬರಲಿ. ಸಾಲು ಹಾಡುತ್ತಿರುವಾಗ ಯಾರೂ ಲಿಕ್, ಅಂದರೆ ಸಣ್ಣ ಅಲಂಕಾರದ ತುಣುಕು, ಹಾಕಬೇಡಿ. ಕೋರಸ್ ದೊಡ್ಡದಾಗಿ ಕೇಳಿಸಬೇಕಾದರೆ ಅದರ ಮುಂಚಿನ ಚರಣ ಚಿಕ್ಕದಾಗಿರಬೇಕು. ಚರಣದಲ್ಲಿ ಒಂದು ಗಿಟಾರ್ ಪೂರ್ತಿ ಸುಮ್ಮನಿದ್ದು ನೋಡಿ. ಈ ಒಂದು ಬದಲಾವಣೆ ಎಷ್ಟೋ ಹಾಡುಗಳಿಗೆ ಜೀವ ಕೊಟ್ಟಿದ್ದನ್ನು ಕಂಡಿದ್ದೇನೆ.

ಶ್ರುತಿಯನ್ನೂ ನೋಡಿ. ಎಷ್ಟೋ ರಾಕ್ ಹಾಡುಗಳು ಗಿಟಾರ್‌ಗೆ ಸುಲಭವಾದ ಶ್ರುತಿಯಲ್ಲಿ ಹುಟ್ಟುತ್ತವೆ. ಹಾಡುವವರಿಗೆ ಅದು ಹೊಂದುತ್ತದೆಯೇ ಅಂತ ಯಾರೂ ಕೇಳಿರುವುದಿಲ್ಲ. ಕೋರಸ್‌ನ ಅತಿ ಮೇಲಿನ ಸ್ವರ ಹಾಡುವವರಿಗೆ ಸ್ವಲ್ಪ ಶ್ರಮ ಕೊಡಬೇಕು, ಆದರೆ ಹತ್ತನೇ ಸಲವೂ ಸಿಗಬೇಕು. ಸಿಗದಿದ್ದರೆ ಗಿಟಾರ್‌ಗಳನ್ನೂ ಬೇಸನ್ನೂ ಅರ್ಧ ಸ್ವರ ಇಳಿಸಿ. ಬೆರಳಿನ ಜಾಗ ಬದಲಾಗುವುದಿಲ್ಲ, ಗಂಟಲಿಗೆ ಜಾಗ ಸಿಗುತ್ತದೆ. ವೇಗವನ್ನು ಕೂಡ ಹೀಗೇ ಪರೀಕ್ಷಿಸಿ. ನಿಮಿಷಕ್ಕೆ ಎರಡು ಮೂರು ಬೀಟ್ ಆಚೀಚೆ ಮಾಡಿ ಪೂರ್ತಿ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ನುಡಿಸುವಾಗ ನಿಧಾನ ಅನ್ನಿಸಿದ್ದು ಕೇಳುವಾಗ ಸರಿಯಾಗಿರುವುದು ಸಾಮಾನ್ಯ.

ಇಷ್ಟಾದ ಮೇಲೆ ರೆಕಾರ್ಡಿಂಗ್. ದುಡ್ಡು ಕಡಿಮೆ ಇದ್ದರೆ ಸ್ಟುಡಿಯೊವನ್ನು ಡ್ರಮ್ಸ್‌ಗೆ ಮಾತ್ರ ಬಾಡಿಗೆಗೆ ಹಿಡಿಯಿರಿ. ಬೇಸ್, ಗಿಟಾರ್, ದನಿಯನ್ನು ಮನೆಯಲ್ಲಿ ಶ್ರದ್ಧೆಯಿಂದ ಮಾಡಬಹುದು. ಡ್ರಮ್ಸ್ ಹಾಗಲ್ಲ. ಅದರ ಸದ್ದಿನಲ್ಲಿ ಅರ್ಧ ಕೋಣೆಯದು. ಚಾವಣಿ ತಗ್ಗಿರುವ ಸಣ್ಣ ರೂಮಿನಲ್ಲಿ ಸಿಂಬಲ್ ಸದ್ದು ಮೇಲಿನಿಂದ ತಕ್ಷಣ ವಾಪಸ್ ಬಂದು, ಡ್ರಮ್ಸ್ ಮೇಲೆ ನಿಲ್ಲಿಸಿದ ಓವರ್‌ಹೆಡ್ ಮೈಕಿಗೆ ಬೀಳುತ್ತದೆ. ನೀವು ಹೇಳುವ ತೆಳು ಸದ್ದಿಗೆ ಇದೊಂದು ಕಾರಣ.

ಇನ್ನೊಂದು ಕಾರಣ ಫೇಸ್ (phase), ಅಂದರೆ ಒಂದೇ ಸದ್ದು ಬೇರೆ ಬೇರೆ ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪುವುದು. ಸ್ನೇರ್ ಹೊಡೆದ ಸದ್ದು ಅದರ ಹತ್ತಿರದ ಮೈಕನ್ನು ಮೊದಲು ಮುಟ್ಟುತ್ತದೆ. ಮೇಲಿನ ಎರಡು ಮೈಕುಗಳನ್ನು ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆ ಎರಡೂ ಮೈಕುಗಳು ಸ್ನೇರ್‌ನಿಂದ ಬೇರೆ ಬೇರೆ ದೂರದಲ್ಲಿದ್ದರೆ, ಎಲ್ಲ ಸೇರಿಸಿದಾಗ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅಳಿದುಹೋಗುವುದು ಹೆಚ್ಚಾಗಿ ಡ್ರಮ್ಮಿನ ತುಂಬು ಸದ್ದೇ. ಒಂದು ದಾರ ತೆಗೆದುಕೊಳ್ಳಿ. ಸ್ನೇರ್‌ನ ನಡುವಿನಿಂದ ಎರಡು ಓವರ್‌ಹೆಡ್ ಮೈಕುಗಳಿಗೂ ಒಂದೇ ಅಳತೆ ಬರುವಂತೆ ನಿಲ್ಲಿಸಿ. ಆಮೇಲೆ ಹತ್ತಿರದ ಪ್ರತಿ ಮೈಕಿನ ಪೊಲಾರಿಟಿ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ, ಬಿಟ್ಟು ನೋಡಿ. ಯಾವುದರಲ್ಲಿ ಕೆಳಸದ್ದು ತುಂಬಿ ಬರುತ್ತದೋ ಅದೇ ಸರಿ. ಈ ಕೆಲಸಕ್ಕೆ ದುಡ್ಡು ಬೇಡ, ತಾಳ್ಮೆ ಸಾಕು.

ಡ್ರಮ್ಸ್‌ಗೆ ಹೊಸ ಹೆಡ್ (ಹೊಡೆಯುವ ಮೇಲ್ಪದರ) ಹಾಕಿಸಿ, ಒಂದು ದಿನ ಮುಂಚೆ. ಅವು ಎಳೆದು ಹೊಂದಿಕೊಳ್ಳಬೇಕು. ಡ್ರಮ್ಮರ್‌ಗೆ ಒಂದು ಮಾತು: ಡ್ರಮ್ಮನ್ನು ಗಟ್ಟಿಯಾಗಿ, ಸಿಂಬಲ್ಲನ್ನು ಮೆತ್ತಗೆ ಹೊಡೆಯಿರಿ. ವೇದಿಕೆಯಲ್ಲಿ ಹೈ-ಹ್ಯಾಟನ್ನು, ಅಂದರೆ ಜೋಡಿ ಸಿಂಬಲ್ಲನ್ನು, ಜೋರಾಗಿ ಹೊಡೆಯುವ ಅಭ್ಯಾಸ ಇರುತ್ತದೆ. ಸ್ಟುಡಿಯೊದಲ್ಲಿ ಅದು ಸ್ನೇರ್ ಮೈಕಿನೊಳಗೆ ನುಗ್ಗುತ್ತದೆ, ಆಮೇಲೆ ತೆಗೆಯಲು ಆಗುವುದಿಲ್ಲ. ಕ್ಲಿಕ್ ಟ್ರ್ಯಾಕ್ (ಹೆಡ್‌ಫೋನಿನಲ್ಲಿ ಬೀಟ್ ತೋರಿಸುವ ಟಿಕ್ ಟಿಕ್ ಸದ್ದು) ಬೇಕೇ ಬೇಡವೇ ಎನ್ನುವುದು ಹಾಡಿಗೆ ಬಿಟ್ಟದ್ದು. ಇಟ್ಟುಕೊಂಡರೆ ಕೋರಸ್‌ಗೆ ಒಂದೆರಡು ಬೀಟ್ ವೇಗ ಜಾಸ್ತಿ ಮಾಡಿ ಮೊದಲೇ ಹೊಂದಿಸಬಹುದು. ಡ್ರಮ್ಮರ್ ಒಬ್ಬರನ್ನೇ ಕ್ಲಿಕ್ ಜೊತೆ ಕೂರಿಸಬೇಡಿ. ಎಲ್ಲರೂ ಜೊತೆಗೆ ನುಡಿಸಿ, ಹಾಡಿ. ಉಳಿದವರದ್ದು ಆಮೇಲೆ ಬದಲಾಗಲಿ, ಪರವಾಗಿಲ್ಲ. ಹಾಡು ಕೇಳಿಸುತ್ತಿದ್ದರೆ ಡ್ರಮ್ಸ್ ನುಡಿಕೆಯೇ ಬೇರೆ.

ಬೇಸನ್ನು ಡಿಐ ಎಂಬ ಪೆಟ್ಟಿಗೆಯ ಮೂಲಕ, ಮೈಕಿಲ್ಲದೆ ನೇರವಾಗಿಯೂ, ಆಂಪ್ ಮುಂದೆ ಮೈಕಿಟ್ಟೂ, ಎರಡೂ ರೀತಿ ಹಿಡಿಯಿರಿ. ಗಿಟಾರ್‌ಗೆ ವೇದಿಕೆಯಲ್ಲಿ ಬಳಸುವುದಕ್ಕಿಂತ ಕಡಿಮೆ ಗೇನ್ (ಡಿಸ್ಟಾರ್ಷನ್ ಪ್ರಮಾಣ) ಸಾಕು. ರಾಕ್ ಹಾಡಿನ ಅಗಲವಾದ ಗಿಟಾರ್ ಸದ್ದು ಬರುವುದು ಅದೇ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಾಗ. ಎರಡು ಸೇರಿದಾಗ ಡಿಸ್ಟಾರ್ಷನ್ ತಾನಾಗಿಯೇ ದಪ್ಪವಾಗುತ್ತದೆ. ನಿಜವಾಗಿಯೂ ಎರಡು ಸಲ ನುಡಿಸಬೇಕು. ಒಂದೇ ಟೇಕನ್ನು, ಅಂದರೆ ಒಂದು ಸಲ ನುಡಿಸಿದ ರೆಕಾರ್ಡಿಂಗನ್ನು, ಕಾಪಿ ಮಾಡಿ ಎರಡು ಕಡೆ ಇಟ್ಟರೆ ನಡುವೆ ನಿಂತ ಜೋರಾದ ಒಂದು ಗಿಟಾರ್ ಆಗುತ್ತದೆ, ಅಷ್ಟೇ. ಪ್ರತಿ ಟೇಕಿಗೂ ಮುಂಚೆ ಟ್ಯೂನ್ ನೋಡಿ. ಫೈಲುಗಳು 24 ಬಿಟ್, 48 ಅಥವಾ 44.1 ಕಿಲೋಹರ್ಟ್ಸ್ ಇರಲಿ. ಮೀಟರ್ ಕೆಂಪು ಮುಟ್ಟುವುದು ಬೇಡ. ಅತಿ ಜೋರಿನ ಜಾಗದಲ್ಲೂ ಆರು ಡೆಸಿಬೆಲ್‌ನಷ್ಟು ಜಾಗ ಉಳಿದಿರಲಿ.

ದನಿಯನ್ನು ಆಯಾಸದ ದಿನ, ಕೊನೆಯ ಗಂಟೆಯಲ್ಲಿ ರೆಕಾರ್ಡ್ ಮಾಡಬೇಡಿ. ಎಲ್ಲ ಬ್ಯಾಂಡ್‌ಗಳೂ ಇದನ್ನೇ ಮಾಡುತ್ತವೆ. ಬಾಡಿಗೆ ಸಮಯ ಮುಗಿಯುತ್ತಿದೆ, ಹಾಡುವವರು ಬೆಳಗ್ಗಿನಿಂದ ಗಿಟಾರ್ ನುಡಿಸಿ ದಣಿದಿದ್ದಾರೆ, ಆಗ 'ಬೇಗ ಹಾಡಿಬಿಡು' ಅನ್ನುತ್ತೀರಿ. ಕೇಳುಗರು ಮೊದಲು ಕಿವಿಗೊಡುವುದೇ ದನಿಗೆ. ಅದಕ್ಕೆ ಬೇರೆ ದಿನ ಇಡಿ. ಐದಾರು ಪೂರ್ತಿ ಟೇಕ್ ತೆಗೆದುಕೊಳ್ಳಿ. ಸಾಹಿತ್ಯದ ಹಾಳೆಯಲ್ಲಿ ಯಾವ ಸಾಲು ಯಾವ ಟೇಕಿನಲ್ಲಿ ಚೆನ್ನಾಗಿ ಬಂತು ಅಂತ ಆಗಲೇ ಗುರುತು ಹಾಕಿ. ಆಮೇಲೆ ಒಳ್ಳೆಯ ಸಾಲುಗಳನ್ನು ಜೋಡಿಸಿ ಒಂದು ಟ್ರ್ಯಾಕ್ ಮಾಡುವುದಕ್ಕೆ ಕಾಂಪಿಂಗ್ ಎನ್ನುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಶ್ರುತಿ ತಪ್ಪುತ್ತಿದ್ದರೆ ಮೊದಲು ಹೆಡ್‌ಫೋನ್ ವಾಲ್ಯೂಮ್ ಇಳಿಸಿ, ಒಂದು ಕಿವಿಯಿಂದ ಸರಿಸಿ ನೋಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

'ಬೀಟಲ್ಸ್ ಆಮೇಲೆ ಕತ್ತರಿಸಿ ಜೋಡಿಸಿಯೇ ಹಾಡು ಸರಿಮಾಡಿರಲಿಲ್ಲವೇ' ಎಂದು ಇಲ್ಲಿ ಯಾರಾದರೂ ಕೇಳುತ್ತಾರೆ. 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿಗೆ 1966ರಲ್ಲಿ ಬೇರೆ ಬೇರೆ ಶ್ರುತಿಯ, ಬೇರೆ ಬೇರೆ ವೇಗದ ಎರಡು ರೆಕಾರ್ಡಿಂಗ್‌ಗಳಿದ್ದವು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಟೇಪಿನ ವೇಗ ಬದಲಿಸಿ ಅವೆರಡನ್ನೂ ಜೋಡಿಸಿದರು. 1967ರ ಫೆಬ್ರುವರಿಯಲ್ಲಿ ಅದು ಸಿಂಗಲ್ ಆಗಿ ಬಂತು. ನಿಜವೇ. ಆದರೆ ಆ ಎರಡು ರೆಕಾರ್ಡಿಂಗ್‌ಗಳೂ ತಮ್ಮಷ್ಟಕ್ಕೆ ಚೆನ್ನಾಗಿದ್ದವು. ಅಲ್ಲಿ ಜೋಡಿಸಿದ್ದು ಎರಡು ಒಳ್ಳೆಯ ನುಡಿಕೆಗಳನ್ನು. ಕೆಟ್ಟ ನುಡಿಕೆಯನ್ನು ಅಲ್ಲಿ ಯಾರೂ ರಿಪೇರಿ ಮಾಡಲಿಲ್ಲ.

ಮಿಕ್ಸ್ ಮಾಡಲು ಬ್ಯಾಂಡಿನ ಹೊರಗಿನವರೊಬ್ಬರು ಇದ್ದರೆ ಒಳ್ಳೆಯದು. ಒಳಗಿನವರಿಗೆಲ್ಲ ತಮ್ಮ ವಾದ್ಯವೇ ಕಡಿಮೆ ಕೇಳಿಸುತ್ತದೆ. ನಾಲ್ಕು ಜನರ ನಾಲ್ಕು ಪಟ್ಟಿ ಕಳಿಸಬೇಡಿ. ನೀವು ಕೂತು ಜಗಳವಾಡಿ ಮುಗಿಸಿ, ಒಬ್ಬರ ಮೂಲಕ ಒಂದೇ ಪಟ್ಟಿ ಕಳಿಸಿ. ನೀವೇ ಮಾಡುವುದಾದರೆ ದನಿ, ಸ್ನೇರ್, ಕಿಕ್ (ಕಾಲಿನಿಂದ ಹೊಡೆಯುವ ಡ್ರಮ್), ಬೇಸ್ ಈ ನಾಲ್ಕರಲ್ಲೇ ಹಾಡು ನಿಲ್ಲುವಂತೆ ಮಾಡಿ. ಆಮೇಲೆ ಗಿಟಾರ್ ತನ್ನಿ. ಪಕ್ಕದಲ್ಲಿ ಮಾತಾಡಬಹುದಾದಷ್ಟು ಮೆಲ್ಲಗೆ ಇಟ್ಟು ಕೆಲಸ ಮಾಡಿ. ಜೋರಾಗಿಟ್ಟರೆ ಎಲ್ಲವೂ ಚೆನ್ನಾಗೇ ಕೇಳಿಸುತ್ತದೆ. ಎಡ ಬಲ ಸೇರಿಸಿ ಮೋನೋದಲ್ಲಿ ಒಮ್ಮೆ ಕೇಳಿ. ಫೋನಿನ ಸ್ಪೀಕರಿನಲ್ಲಿ ಬೇಸ್ ಮಾಯವಾದರೆ ಗಾಬರಿಯಾಗಬೇಡಿ. ಅಷ್ಟು ಕೆಳಗಿನ ಕಂಪನ ಆ ಪುಟ್ಟ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಬೇಸ್‌ಗೆ ತುಸು ಡಿಸ್ಟಾರ್ಷನ್ ಬೆರೆಸಿ. ಅದರಿಂದ ಹುಟ್ಟುವ ಮೇಲಿನ ಸ್ವರಾಂಶಗಳಿಂದ ಕಿವಿ ಬೇಸನ್ನು ಗುರುತಿಸುತ್ತದೆ.

ಮಿಕ್ಸ್ ಮುಗಿದ ದಿನವೇ ದನಿಯಿಲ್ಲದ ಆವೃತ್ತಿಯೊಂದನ್ನು ತೆಗೆದಿಟ್ಟುಕೊಳ್ಳಿ. ನಾಳೆ ಯಾವುದೋ ವಿಡಿಯೊಗೋ ಸಿನಿಮಾಕ್ಕೋ ಹಾಡು ಬೇಕೆಂದು ಯಾರಾದರೂ ಬಂದರೆ ಮೊದಲು ಕೇಳುವುದು ಅದನ್ನೇ.

ಮಾಸ್ಟರಿಂಗ್ ಬಗ್ಗೆ ಎರಡೇ ಮಾತು. ಜೋರಿನ ಪೈಪೋಟಿಗೆ ಇಳಿಯಬೇಡಿ. ಸ್ಪಾಟಿಫೈ ಮಾಮೂಲಿಯಾಗಿ ಹಾಡುಗಳನ್ನು ಮೈನಸ್ 14 ಲಫ್ಸ್ (LUFS, ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಆಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ ಮೈನಸ್ 16ಕ್ಕೆ ತರುತ್ತದೆ. ನೀವು ಹಿಂಡಿ ಹಿಂಡಿ ಮೈನಸ್ 7ಕ್ಕೆ ತಂದ ಹಾಡನ್ನು ಅವರು ಇಳಿಸುತ್ತಾರೆ. ಇಳಿದ ಮೇಲೆ ಉಳಿಯುವುದು ಹಿಂಡಿಹೋದ ಡ್ರಮ್ಸ್ ಮಾತ್ರ. ಹಾಗಂತ ಮೈನಸ್ 14 ಎನ್ನುವ ಅಂಕಿಯನ್ನೇ ಗುರಿ ಮಾಡಿಕೊಳ್ಳುವುದೂ ಬೇಡ. ರಾಕ್ ಹಾಡಿಗೆ ಸ್ವಲ್ಪ ಒತ್ತಡ ಬೇಕು. ಸ್ನೇರ್ ಏಟು ಏಟಾಗಿಯೇ ಕೇಳಿಸುವವರೆಗೆ ಒತ್ತಿ, ಅಲ್ಲಿ ನಿಲ್ಲಿಸಿ. ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬೆಲ್ ದಾಟದಿರಲಿ.

ಮಾಸ್ಟರ್ ಫೈಲ್ ಕೈಗೆ ಬಂದ ಮೇಲೆ, ಆಮೇಲಷ್ಟೇ, ದಿನ ಗೊತ್ತು ಮಾಡಿ. 2015ರ ಜುಲೈ 10ರಿಂದ ಜಗತ್ತಿನ ಹೆಚ್ಚಿನ ಕಡೆ ಹೊಸ ಹಾಡುಗಳು ಶುಕ್ರವಾರ ಬರುತ್ತವೆ. ನಾಲ್ಕು ವಾರ ಆಚೆಯ ಶುಕ್ರವಾರ ಇಟ್ಟುಕೊಳ್ಳಿ. ಡಿಸ್ಟ್ರೊಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಥರದ ವಿತರಕರ ಮೂಲಕ ಹಾಡು ಎಲ್ಲ ಆಪ್‌ಗಳಿಗೂ ಹೋಗುತ್ತದೆ. ವರ್ಷ ವರ್ಷ ಶುಲ್ಕವೋ, ಒಂದೇ ಸಲದ ಶುಲ್ಕವೋ, ಶುಲ್ಕ ನಿಲ್ಲಿಸಿದರೆ ಹಾಡು ಉಳಿಯುತ್ತದೋ ಇಲ್ಲವೋ, ಇವಿಷ್ಟನ್ನು ಓದಿ ಆಮೇಲೆ ಆರಿಸಿ. ಮುಖಪುಟ ಚಿತ್ರ 3000ಕ್ಕೆ 3000 ಪಿಕ್ಸೆಲ್ ಚೌಕವಾಗಿರಲಿ. ಅದರ ಮೇಲೆ ವೆಬ್ ವಿಳಾಸ, ಸೋಷಿಯಲ್ ಮೀಡಿಯಾ ಹೆಸರು ಹಾಕಿದರೆ ವಾಪಸ್ ಕಳಿಸುತ್ತಾರೆ. ನಿಮ್ಮ ಬ್ಯಾಂಡಿನ ಹೆಸರಿನಲ್ಲೇ ಇನ್ನೊಬ್ಬರು ಇದ್ದಾರೆಯೇ ಎಂದು ಈಗಲೇ ಹುಡುಕಿ. ಇದ್ದರೆ ನಿಮ್ಮ ಹಾಡು ಅವರ ಪುಟದಲ್ಲಿ ಹೋಗಿ ಕೂರಬಹುದು, ಅದನ್ನು ಬಿಡಿಸಲು ವಾರಗಳೇ ಹಿಡಿಯಬಹುದು.

ಈ ನಾಲ್ಕು ವಾರ ಸುಮ್ನೆ ಅಲ್ಲ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಎಂಬ ಕಲಾವಿದರ ಖಾತೆಯ ಮೂಲಕ ಬಿಡುಗಡೆಯಾಗದ ಹಾಡನ್ನು ಅವರ ಪ್ಲೇಲಿಸ್ಟ್ ಸಂಪಾದಕರಿಗೆ ಕಳಿಸಬಹುದು. ಒಮ್ಮೆಗೆ ಒಂದೇ ಹಾಡು. ಹಾಡು ಬಂದ ಮೇಲೆ ಈ ಅವಕಾಶ ಇಲ್ಲ. ಕನಿಷ್ಠ ಏಳು ದಿನ ಮುಂಚೆ ಕಳಿಸಿದರೆ ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್ ಎಂಬ ಹೊಸ ಹಾಡುಗಳ ಪಟ್ಟಿಗೂ ಅದೇ ಹಾಡು ಹೋಗುತ್ತದೆ. ಸಂಪಾದಕರು ಆರಿಸುವುದು ಅಪರೂಪ, ಆದರೂ ಕಳಿಸಿ. ಕಳಿಸುವಾಗ 'ನಮ್ಮ ಅದ್ಭುತ ಹಾಡು' ಎಂದು ಬರೆಯಬೇಡಿ. ಹಾಡು ಯಾವುದರ ಬಗ್ಗೆ, ಯಾವ ವಾದ್ಯಗಳಿವೆ, ಎಲ್ಲೆಲ್ಲಿ ನುಡಿಸಿದ್ದೀರಿ, ಇವಿಷ್ಟೇ ಅವರಿಗೆ ಬೇಕು. ದುಡ್ಡು ಕೊಟ್ಟರೆ ಲಕ್ಷ ಕೇಳುವಿಕೆ ಕೊಡಿಸುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಅದು ಬಾಟ್‌ಗಳ ಕೆಲಸ. ಸಿಕ್ಕಿಬಿದ್ದರೆ ಹಾಡನ್ನೇ ತೆಗೆಯಬಹುದು, ವಿತರಕರು ದಂಡ ಹಾಕಬಹುದು. ನಿಜವಾದ ಕೇಳುಗರು ಯಾರು ಎನ್ನುವ ಲೆಕ್ಕವೂ ಕೆಡುತ್ತದೆ.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ. ರಾಗ ಮತ್ತು ಸಾಹಿತ್ಯದ್ದು ಒಂದು, ಈ ರೆಕಾರ್ಡಿಂಗಿನದ್ದು ಇನ್ನೊಂದು. ಯಾರಿಗೆ ಎಷ್ಟು ಪಾಲು ಎಂದು ಬಿಡುಗಡೆಗೆ ಮುಂಚೆ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಹೊರಗಿನವರು ಕೀಬೋರ್ಡ್ ನುಡಿಸಿದ್ದರೆ ಅವರ ಹತ್ತಿರವೂ ಬರೆಸಿಕೊಳ್ಳಿ. ಹಾಡಿನಿಂದ ಏನೂ ಬಾರದಿರುವಾಗ ಈ ಮಾತು ಸುಲಭ. ಬಂದ ಮೇಲೆ ಸ್ನೇಹವೇ ಹೋಗುತ್ತದೆ, ಅದನ್ನು ನೋಡುವುದು ಬಹಳ ನೋವಿನ ಸಂಗತಿ. ಬರೆದವರು ನಿಮ್ಮ ದೇಶದ ಹಕ್ಕುಸ್ವಾಮ್ಯ ಸಂಘದಲ್ಲಿ ಹಾಡನ್ನು ನೋಂದಾಯಿಸಬೇಕು. ರೇಡಿಯೊ, ವೇದಿಕೆ ಮುಂತಾದ ಕಡೆಯ ರಚನೆಯ ಪಾಲು ಅಲ್ಲಿಂದಲೇ ಬರುವುದು, ವಿತರಕರಿಂದ ಅಲ್ಲ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಕೇಳುವಿಕೆ ಮುಟ್ಟದ ಹಾಡಿಗೆ ರೆಕಾರ್ಡಿಂಗಿನ ಹಣ ಕೊಡುವುದಿಲ್ಲ. ಮೊದಲ ಸಿಂಗಲ್‌ನಿಂದ ಖರ್ಚು ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಬೇಡಿ.

ಯೂಟ್ಯೂಬ್ ಕಂಟೆಂಟ್ ಐಡಿ (ಬೇರೆಯವರ ವಿಡಿಯೊಗಳಲ್ಲಿ ನಿಮ್ಮ ಹಾಡನ್ನು ತಾನಾಗಿ ಪತ್ತೆ ಮಾಡುವ ವ್ಯವಸ್ಥೆ) ಬೇಕೇ ಎಂದು ವಿತರಕರು ಕೇಳುತ್ತಾರೆ. ಯಾರು ಬೇಕಾದರೂ ಬಳಸಬಹುದಾದ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ನುಡಿಸುವ ಸಂಗೀತದ ತುಣುಕು) ನಿಮ್ಮ ಹಾಡಿನಲ್ಲಿದ್ದರೆ ಬೇಡ ಅನ್ನಿ. ಅದೇ ಲೂಪ್ ಬಳಸಿದ ಬೇರೆಯವರ ಮೇಲೆ ನಿಮ್ಮ ಹೆಸರಿನಲ್ಲಿ ದೂರು ಹೋಗುತ್ತದೆ.

ಕೊನೆಗೆ ಐಎಸ್‌ಆರ್‌ಸಿ. ಪ್ರತಿ ರೆಕಾರ್ಡಿಂಗಿಗೂ ಹನ್ನೆರಡು ಅಕ್ಷರ ಅಂಕಿಗಳ ಒಂದು ಗುರುತು ಇರುತ್ತದೆ. ವಿತರಕರೇ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ನಾಳೆ ಇದೇ ರೆಕಾರ್ಡಿಂಗ್ ಆಲ್ಬಮ್ಮಿನಲ್ಲಿ ಬಂದಾಗ, ಅಥವಾ ವಿತರಕರನ್ನು ಬದಲಿಸಿದಾಗ, ಅದೇ ಗುರುತು ಕೊಟ್ಟರೆ ಇಲ್ಲಿಯವರೆಗಿನ ಕೇಳುವಿಕೆಗಳು ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ಹೊಸ ಗುರುತು ಕೊಟ್ಟರೆ ಸೊನ್ನೆಯಿಂದ ಶುರು. ಅದರ ಜೊತೆಗೆ ಮಾಸ್ಟರ್ ಫೈಲ್, ದನಿಯಿಲ್ಲದ ಆವೃತ್ತಿ, ಬಿಡಿ ಬಿಡಿ ಟ್ರ್ಯಾಕ್‌ಗಳು, ಸಹಿ ಹಾಕಿದ ಹಾಳೆಯ ಫೋಟೊ ಇವೆಲ್ಲವನ್ನೂ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಎರಡೂ ಒಂದೇ ಮನೆಯಲ್ಲಿ ಬೇಡ.